ನೋಟಿಲ್ಲದ ಕುಯ್ಲಿಗೆ ತಾಮ್ರದ ಬಿಲ್ಲೆ

2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಸಕಲೇಶಪುರದ ನಮ್ಮ ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣಾಗಿ ನಿಂತಿತ್ತು. ಬ್ಯಾಂಕಿನಲ್ಲಿ ವಾರಕ್ಕೆ 24,000ದ ಮಿತಿ. ಕೆಜಿ ಲೆಕ್ಕದಲ್ಲಿ ಕುಯ್ಯುವವರು ರೈಟರ್ (ತೋಟದ ಗುಮಾಸ್ತ) ಬರೆದ ಲೆಕ್ಕದ ಪುಸ್ತಕ ನಂಬಿಕೊಂಡು ಎಷ್ಟು ವಾರ ಕಾಯ್ತಾರೆ? ಕುಯ್ದ ಹಣ್ಣಿನ ಗುರುತಿಗೆ ತಾಮ್ರದ ಬಿಲ್ಲೆ ಕೊಡ್ತೀನಿ, ನೋಟು ಸಿಕ್ಕಾಗ ವಾಪಸ್ ತಗೊಳ್ತೀನಿ ಅಂದಾಗ ಅಕ್ಕಪಕ್ಕದ ತೋಟದವರು ನಕ್ಕರು.

ಹೊಸದೇನಲ್ಲ ಇದು. ಬ್ರಿಟನ್ನಿನಲ್ಲಿ ಸರ್ಕಾರಿ ಚಿಲ್ಲರೆ ಸಿಗದಿದ್ದಾಗ, 1787ರಲ್ಲಿ ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ ಪ್ಯಾರಿಸ್ (Parys) ಗಣಿ ಕಂಪನಿ ತನ್ನದೇ ತಾಮ್ರದಲ್ಲಿ ಪೆನ್ನಿ ಹೊಡೆಸಿತು. ಕೇಳಿದರೆ ದುಡ್ಡು ಕೊಡ್ತೀವಿ ಅಂತ ಅದರ ಮೇಲೇ ಬರೆದಿತ್ತು. ಸಿಲೋನಿನ ಕಾಫಿ ಕಂಪನಿಗಳದ್ದೂ ಇಂಥ ಬಿಲ್ಲೆಗಳಿವೆ.

ಮೊದಲು ಚೀಟಿ ಕೊಟ್ಟಿದ್ದೆ, ಇಬ್ಬನಿಗೆ ನೆನೆದು ಮುದ್ದೆಯಾಯಿತು. ಅಲ್ಯೂಮಿನಿಯಂ ಮಾಡಿಸಿದರೆ ಯಾರೋ ಹಳೇ ಪಾತ್ರೆ ಮುಚ್ಚಳ ಕತ್ತರಿಸಿ ಅಂಥದ್ದೇ ಕಳ್ಳ ಬಿಲ್ಲೆ ಮಾಡಿದರು! ಹಿತ್ತಾಳೆ ಅಂಚಿನಲ್ಲಿ ಸೀಳಿತು. ತಾಮ್ರದ ಮೇಲೂ ಮೊದಮೊದಲು ಅಕ್ಷರ ಕೂರಲಿಲ್ಲ, ಒಂದು ಡೈ (ಅಕ್ಷರ ಒತ್ತುವ ಅಚ್ಚು) ಬಿರುಕು ಬಿಟ್ಟಿತು. ಬಿಲ್ಲೆಯನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಂಡ ಮೇಲೆ ಹಾಸನದ ಲೇತ್ ಅಂಗಡಿಯ ಕೈಯಲ್ಲಿ ತಿರುಗಿಸಿ ಒತ್ತುವ ಫ್ಲೈ ಪ್ರೆಸ್‌ನಲ್ಲಿ ಒಂದೇ ಏಟಿಗೆ ಎದ್ದು ಬಂತು. ಎಷ್ಟು ಹೊತ್ತು ಕಾಯಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ತಾಮ್ರದ ತಗಡು ಆಗ ಕೆಜಿಗೆ ಐನೂರರ ಆಸುಪಾಸು ಇತ್ತು. ಒಂದೂವರೆ ಮಿಲಿಮೀಟರ್ ದಪ್ಪದ್ದರಲ್ಲಿ ಕೆಜಿಗೆ ಎಂಬತ್ತು ಬಿಲ್ಲೆ ಸಿಕ್ಕಿತು, ಉಳಿದದ್ದು ಗುಜರಿಗೆ. ಡೈ, ಕೂಲಿ ಎಲ್ಲ ಸೇರಿ ಏಳೆಂಟು ಸಾವಿರ. ಮನೆಯಲ್ಲಿ ಬೈಸಿಕೊಂಡೆ.

ಸಣ್ಣ ಬಿಲ್ಲೆ ಹತ್ತು ಕೆಜಿ ಹಣ್ಣಿಗೆ, ದೊಡ್ಡದು ನೂರಕ್ಕೆ. ರೂಪಾಯಿ ಅಂಕಿ ಹಾಕಲೇ ಇಲ್ಲ. ದುಡ್ಡಿನ ಬದಲು ಖಾಸಗಿ ಲೋಹದ ಟೋಕನ್ ಓಡಿಸುವುದಕ್ಕೆ 1889ರಿಂದಲೇ ಕಾನೂನಿನ ಅಡ್ಡಿ ಇದೆ. ಊರಿನ ಅಂಗಡಿಯವರು 'ನಮಗೂ ನಡೀತದೆ ಸಾರ್' ಅಂದರೂ ಗೇಟು ದಾಟಿಸಲಿಲ್ಲ. ಅಕ್ಕಿಯನ್ನು ಚೆಕ್ ಕೊಟ್ಟು ತರಿಸಿ ಮುಂಗಡವಾಗಿ ಹಂಚಿದೆ. ಶನಿವಾರ ಸಿಕ್ಕಷ್ಟು ನೋಟಿಗೆ ಬಿಲ್ಲೆ ವಾಪಸ್ ತಗೊಂಡೆ. ಮೊದಲ ಶನಿವಾರ ಎಲ್ಲರೂ ಮುಗಿಬಿದ್ದರು. ಆಮೇಲೆ ಅರ್ಧ ಜನ 'ಇರಲಿ ಬಿಡಿ ಅಣ್ಣ, ಆಮೇಲೆ ಕೊಡಿ' ಅಂದರು. ಆಳು ಒಬ್ಬರೂ ಬಿಟ್ಟು ಹೋಗಲಿಲ್ಲ. ನಕ್ಕವರ ತೋಟದಲ್ಲಿ ಹಣ್ಣು ಉದುರಿತು.

ನಡುವೆ ಸುಮ್ನೆ ಒಂದು ಆಟ. ಕಪ್ಪಾದ ಬಿಲ್ಲೆಯನ್ನು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರಿನಲ್ಲಿ ರಾತ್ರಿ ನೆನೆಸಿಟ್ಟೆ. ಹುಣಸೆಹಣ್ಣಿಗಿಂತ ಚೆನ್ನಾಗಿ ಹೊಳೆಯಿತು, ವಾಸನೆ ಮಾತ್ರ ವಾರ ಬಿಡಲಿಲ್ಲ.

ನೋಟು ಬಂದ ಮೇಲೂ ರೋಬಸ್ಟಾ ಕುಯ್ಲಿಗೆ ಇದೇ ಬಿಲ್ಲೆ. ಆವತ್ತು ನಕ್ಕವರೊಬ್ಬರು ಹೋದ ವರ್ಷ ಡೈ ಕೇಳಿದರು. ಕೊಟ್ಟೆ, ಆದರೆ ಕಳ್ಳ ಬಿಲ್ಲೆ ಹಿಡಿಯೋಕೆ ನನ್ನ ಬಿಲ್ಲೆಯಲ್ಲಿರುವ ಗುಟ್ಟಿನ ಚುಕ್ಕೆ ಅದರಲ್ಲಿಲ್ಲ.