ಮದುವೆಯಾಗದ ಜೋಡಿಗೆ ಕರಾರು ಬರೆದುಕೊಟ್ಟ ನನ್ನ ಅನುಭವ

ಮದುವೆಯಾಗದೆ ಒಂದೇ ಮನೆಯಲ್ಲಿ ವಾಸಿಸುವವರಿಗೆ ಕರಾರು ಬರೆದುಕೊಡುತ್ತೇನೆ ಎಂದಾಗ ತುಮಕೂರಿನ ನನ್ನ ವಕೀಲ ಮಿತ್ರರಲ್ಲಿ ನಕ್ಕವರೇ ಹೆಚ್ಚು. ನಗಲು ಕಾರಣವೂ ಇತ್ತು. ಮೊದಲ ಕರಡಿನಲ್ಲಿ ನಾನು "ಉಭಯತ್ರರು ಒಟ್ಟಿಗೆ ವಾಸಿಸುವ ಪ್ರತಿಫಲವಾಗಿ" ಎಂದು ಬರೆದಿದ್ದೆ. ನನ್ನ ಸೀನಿಯರ್ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಅಂಚಿನಲ್ಲಿ "23" ಎಂದಷ್ಟೇ ಬರೆದು ಹಿಂದಿರುಗಿಸಿದರು. ಸಹವಾಸವನ್ನೇ ಪ್ರತಿಫಲವೆಂದು ತೋರಿಸಿದ ಪತ್ರ ಅನೈತಿಕ ಪ್ರತಿಫಲದ ಕರಾರು ಊರ್ಜಿತವಲ್ಲ ಎನ್ನುವ, 1872ರ ಕರಾರು ಕಾಯ್ದೆಯ ಆ 23ನೇ ಕಲಂ ಎದುರು ನಿಲ್ಲುವುದು ಕಷ್ಟ. ಎರಡನೆಯ ಕರಡಿನಲ್ಲಿ, ಬಿಟ್ಟುಹೋದವರು ಎರಡು ಲಕ್ಷ ಕಟ್ಟಬೇಕೆಂಬ ಷರತ್ತು ಹಾಕಿ ಮತ್ತೆ ಎಡವಿದೆ; ಅದೂ ಸಹವಾಸಕ್ಕೇ ಬೆಲೆ ಕಟ್ಟಿದಂತಾಗಿತ್ತು. ಪಡೆದಿದ್ದ ಮೂರು ಸಾವಿರದಷ್ಟು ಫೀಸಿನಲ್ಲಿ ಅರ್ಧ ವಾಪಸು ಕೊಟ್ಟೆ. ಛಾಪಾ ಕಾಗದದ ಖರ್ಚೂ ನನ್ನ ತಲೆಗೇ ಬಂತು.

ಮೂರನೆಯ ಸಲ ಒಂದೇ ಪತ್ರದಲ್ಲಿ ಎಲ್ಲವನ್ನೂ ತುರುಕುವುದನ್ನು ಬಿಟ್ಟೆ. ಮೊದಲ ಪತ್ರದಲ್ಲಿ ಹಣದ ವಿಷಯ ಮಾತ್ರ. ಆ ಜೋಡಿ ಭೋಗ್ಯಕ್ಕೆ ಮನೆ ಹಿಡಿದಿತ್ತು. ಆರು ಲಕ್ಷದಲ್ಲಿ ಸುಮಾರು ನಾಲ್ಕು ಆಕೆಯದು, ಆದರೆ ಭೋಗ್ಯದ ಪತ್ರ ಇದ್ದದ್ದು ಆತನೊಬ್ಬನ ಹೆಸರಿನಲ್ಲಿ. ಯಾರ ಖಾತೆಯಿಂದ ಯಾವ ದಿನ ಎಷ್ಟು ಹೋಯಿತೆಂಬುದನ್ನು ಪಾಸ್‌ಬುಕ್ಕಿನ ನಕಲಿನೊಂದಿಗೆ ಷೆಡ್ಯೂಲಿನಲ್ಲಿ, ಅಂದರೆ ಪತ್ರದ ಕೊನೆಗೆ ಸೇರಿಸುವ ಪಟ್ಟಿಯಲ್ಲಿ, ಕಾಣಿಸಿದೆ. ಆ ಹಣ ಏಕೆ ಕೊಡಲಾಯಿತೆಂದು ಹೇಳುವ ಪೀಠಿಕೆಯ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಗುಟ್ಟು. ಇಬ್ಬರೂ ಸೇರಿ ಕೊಳ್ಳುತ್ತಿದ್ದ ನಿವೇಶನದ ಪಾಲನ್ನು ನೋಂದಾಯಿತ ಕ್ರಯಪತ್ರದಲ್ಲೇ ಬರೆಸಿದೆ. ವಾರಸುದಾರರ ಪಟ್ಟಿಯಲ್ಲಿ ಇಂಥ ಸಂಗಾತಿಗೆ ಜಾಗವಿಲ್ಲದ್ದರಿಂದಲೂ, ಬ್ಯಾಂಕಿನ ನಾಮಿನಿ ಎಂದಮಾತ್ರಕ್ಕೆ ಹಣದ ಒಡೆತನ ಬಾರದ್ದರಿಂದಲೂ, ಇಬ್ಬರಿಂದಲೂ ಬೇರೆಬೇರೆ ಉಯಿಲು ಬರೆಸಿ ತಲಾ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದೆ.

ಮನೆಯ ಸಾಮಾನಿನ ಪಟ್ಟಿಯನ್ನೂ ಸೇರಿಸಿ ನೋಡಿದೆ. ನಾಲ್ಕು ಪುಟವಾಯಿತು, ಗ್ರೈಂಡರ್ ಯಾರದೆಂದು ಸಹಿ ಹಾಕುವ ದಿನವೇ ಜಗಳ ಬಿತ್ತು. ಈಗ ಹತ್ತು ಸಾವಿರಕ್ಕಿಂತ ಕಡಿಮೆಯದನ್ನು ಬರೆಯುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯ ಸ್ವರೂಪದ ಸಂಬಂಧಕ್ಕೂ ಅನ್ವಯಿಸುವುದರಿಂದ, ಅದರಡಿಯ ಹಕ್ಕನ್ನು ಆಕೆ ಬಿಟ್ಟುಕೊಟ್ಟಿದ್ದಾಳೆ ಎಂದು ಸೇರಿಸಬೇಕೆಂದು ಆತ ಹಟ ಹಿಡಿದಿದ್ದ, ನಾನು ಒಪ್ಪಲಿಲ್ಲ. ಅಂಥ ಸಾಲು ಇಡೀ ಪತ್ರದ ಮೇಲೆಯೇ ಅನುಮಾನ ಹುಟ್ಟಿಸುತ್ತದೆ.

ಎರಡು ವರ್ಷದ ನಂತರ ಅವರು ಬೇರೆಯಾದರು. ಮನೆಯ ಮಾಲೀಕರು ಬಣ್ಣದ ಬಾಬ್ತು ಹದಿನೈದು ಸಾವಿರದಷ್ಟು ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ಷೆಡ್ಯೂಲು ಮುಂದಿಟ್ಟುಕೊಂಡು ನನ್ನ ಕಚೇರಿಯಲ್ಲಿ ಒಂದು ಗಂಟೆಯೊಳಗೆ ಹಂಚಿಕೆ ಮುಗಿಯಿತು. ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಲಿಲ್ಲ. ಅಂದು ನಕ್ಕವರಲ್ಲಿ ಇಬ್ಬರು ಈಗ ಕರಡು ಕೇಳಿಕೊಂಡು ಬರುತ್ತಾರೆ. ನಿವೇಶನ ಮಾತ್ರ ಇನ್ನೂ ಮಾರಾಟವಾಗಿಲ್ಲ. ಬೇರೆಯಾದ ಮಾತ್ರಕ್ಕೆ ಉಯಿಲು ತಾನಾಗಿ ರದ್ದಾಗುವುದಿಲ್ಲವಾದ್ದರಿಂದ, ಇಬ್ಬರಿಂದಲೂ ಅದೇ ಸಂಜೆ ಹೊಸ ಉಯಿಲು ಬರೆಸಿದೆ; ಅದರ ಫೀಸನ್ನು ಬೇರೆಯಾಗಿಯೇ ಪಡೆದೆ.