ಒಂದು ಬಾವಿಯಿಂದ ಮತ್ತೆ ಶುರುವಾದ ಆಟ

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ನಾವು ಐವರು ಗೆಳೆಯರು ಹಾಸ್ಟೆಲಿನ ಕೋಣೆಯಲ್ಲಿ ಮೂರು ವರ್ಷ ಬಿಡದೆ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡಿದೆವು. ಒಬ್ಬರು ಕಥೆ ನಡೆಸುವುದು, ಉಳಿದವರು ತಲಾ ಒಂದು ಪಾತ್ರವಾಗಿ ಮಾತನಾಡುವುದು, ಏನಾಗುತ್ತದೆಂದು ಹೇಳಲು ಬಾರದ ಗಳಿಗೆಯಲ್ಲಿ ದಾಳ ಉರುಳಿಸುವುದು, ಇಷ್ಟೇ ಆ ಆಟದ ಹೂರಣ. ಸೈನ್ಯದ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಿಂದ ಬೆಳೆದ ಅದು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರಿಂದ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಓದು ಮುಗಿದ ಮೇಲೆ ಗೆಳೆಯರು ಪುಣೆ, ಬೆಂಗಳೂರು ಸೇರಿದರು. ನಾನು ಧಾರವಾಡಕ್ಕೆ ಬಂದೆ. ದಾಳಗಳ ತಗಡಿನ ಡಬ್ಬಿ ಒಂಬತ್ತು ವರ್ಷ ಕಪಾಟಿನಿಂದ ಹೊರಗೆ ಬರಲಿಲ್ಲ.

ನಡುವೆ ಎರಡು ಸಲ ಆಟ ಕಟ್ಟಲು ನೋಡಿದ್ದೆ. ಎರಡು ಸಲವೂ ಮೊದಲು ಜನರನ್ನು ಕೂಡಿಸಲು ಹೊರಟೆ, ಎಲ್ಲರಿಗೂ ಒಪ್ಪುವ ದಿನ ಹುಡುಕುವುದರಲ್ಲೇ ಉತ್ಸಾಹ ಇಂಗಿತು. 2023ರ ಜನವರಿಯಲ್ಲಿ ಆಟದ ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಯಾರು ಬೇಕಾದರೂ ಬಳಸುವಂತೆ ಮುಕ್ತವಾದಾಗ ಅವನ್ನು ಇಳಿಸಿಕೊಂಡು ಓದಿದೆ. ಆದರೆ ನಿಯಮ ಓದಿದ ಮಾತ್ರಕ್ಕೆ ಹಳೆಯ ಹುಚ್ಚು ಮರಳಲಿಲ್ಲ.

ಅದು ಮರಳಿದ್ದು ಲಕ್ಕುಂಡಿಯಲ್ಲಿ. ಗದಗಿಗೆ ಮದುವೆಗೆಂದು ಹೋದವನು, ಸಮಯವಿತ್ತೆಂದು ಹನ್ನೆರಡು ಕಿಲೋಮೀಟರ್ ಮುಂದೆ ಹೋಗಿ ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕುಳಿತೆ. ಗೋಡೆಯೊಳಗಿನ ಪುಟ್ಟ ಪುಟ್ಟ ಗುಡಿಗಳನ್ನು ನೋಡುತ್ತಿದ್ದಂತೆ, ಈ ನೀರು ಒಂದೇ ರಾತ್ರಿಯಲ್ಲಿ ಬತ್ತಿಹೋದರೆ ಬೆಳಗ್ಗೆ ಮೊದಲು ಇಳಿಯುವವರು ಯಾರು, ಇಳಿಯದಂತೆ ತಡೆಯುವವರು ಯಾರು ಎಂಬ ಯೋಚನೆ ಬಂತು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುವ ಊರು ಇಷ್ಟು ಹತ್ತಿರವಿರುವಾಗ ನಾನು ಇಷ್ಟು ದಿನ ಯುರೋಪಿನ ಕೋಟೆಗಳನ್ನೇ ಕಲ್ಪಿಸಿಕೊಳ್ಳುತ್ತಿದ್ದೆನಲ್ಲ ಎಂದು ನಿಜವಾಗಿಯೂ ಮರುಕವಾಯಿತು.

ಮನೆಗೆ ಬಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಪ್ರತಿ ಭಾನುವಾರ ಬೆಳಗ್ಗೆ ಒಂದು ಜಾಗದ ಬಗ್ಗೆ ಒಂದೇ ಪುಟ ಬರೆಯಬೇಕು, ಕನ್ನಡದಲ್ಲೇ ಬರೆಯಬೇಕು, ಪುಟ ತುಂಬಿದ ಕೂಡಲೇ ನಿಲ್ಲಿಸಬೇಕು ಎಂದು ಗೊತ್ತುಮಾಡಿಕೊಂಡೆ. ಆ ಪುಟದಲ್ಲಿ ಕಣ್ಣಿಗೆ ಮೊದಲು ಬೀಳುವುದೇನು, ಅಲ್ಲಿರುವವರಿಗೆ ಬೇಕಾದ್ದೇನು, ಯಾರೂ ಕೈಹಾಕದಿದ್ದರೆ ಒಂದು ವಾರದಲ್ಲಿ ಏನಾಗುತ್ತದೆ ಎಂಬುದಿರುತ್ತಿತ್ತು. ಕೊನೆಯದೇ ಮುಖ್ಯವೆಂದು ನನ್ನ ಅನುಭವ, ಏಕೆಂದರೆ ತಾವು ಸುಮ್ಮನಿದ್ದರೂ ಊರು ಸುಮ್ಮನಿರುವುದಿಲ್ಲವೆಂದು ತಿಳಿದಾಗಲೇ ಆಡುವವರು ಎದ್ದು ನಿಲ್ಲುತ್ತಾರೆ. ಬರೆದದ್ದನ್ನು ರಾತ್ರಿ ಒಬ್ಬನೇ ಆಡಿ ನೋಡುತ್ತಿದ್ದೆ: ಕಾವಲುಗಾರ ಎಚ್ಚರವಿದ್ದಾನೆಯೇ ಎಂದು ಕೇಳಿ ಆರು ಮುಖದ ದಾಳ ಎಸೆಯುವುದು, ನಾಲ್ಕು ಅಥವಾ ಹೆಚ್ಚು ಬಿದ್ದರೆ ಹೌದು. ಹನ್ನೊಂದು ಪುಟಗಳಾಗುವ ಹೊತ್ತಿಗೆ ಅದನ್ನು ಇನ್ನೊಬ್ಬರಿಗೆ ತೋರಿಸದೆ ಇರಲು ನನ್ನಿಂದಾಗಲಿಲ್ಲ.

ಮೊದಲ ಆಟಕ್ಕೆ ಕುಳಿತವರು ಅಕ್ಕನ ಮಗ, ಕಚೇರಿಯ ಸಹೋದ್ಯೋಗಿಯೊಬ್ಬರು ಮತ್ತು ಪಕ್ಕದ ಮನೆಯ ನಿವೃತ್ತ ಮಾಸ್ತರರು. ಇಪ್ಪತ್ತು ಮುಖದ ದಾಳವನ್ನು ಮಾಸ್ತರರು ಬಹಳ ಹೊತ್ತು ತಿರುಗಿಸಿ ನೋಡಿ, ‘ಇದರಾಗ ಯಾವುದು ಹೆಚ್ಚು ಬೀಳತದ?’ ಎಂದು ಕೇಳಿದರು. ನಾನು ದೇವರ ಕೋಣೆಯಿಂದ ನಾಲ್ಕು ಕವಡೆ ತಂದೆ. ಕವಡೆಯ ಎರಡೂ ಬದಿಗೆ ಸಮಾನ ಅವಕಾಶವಿದೆಯೆಂದು ಹಿಡಿದರೆ, ಎರಡು ಅಂಗಾತ ಬೀಳುವುದು ಹದಿನಾರರಲ್ಲಿ ಆರು ಸಲ, ನಾಲ್ಕೂ ಅಂಗಾತ ಬೀಳುವುದು ಒಂದೇ ಸಲ. ಇಪ್ಪತ್ತು ಮುಖದ ದಾಳದಲ್ಲಿ ಹಾಗಲ್ಲ, ಪ್ರತಿ ಅಂಕಿಗೂ ಶೇಕಡಾ 5ರಷ್ಟೇ ಪಾಲು, ಆದ್ದರಿಂದ 15 ಅಥವಾ ಹೆಚ್ಚು ಬೀಳುವ ಅವಕಾಶ ಶೇಕಡಾ 30. ಚೌಕಾಬಾರ ಆಡಿ ಬೆಳೆದ ಅವರಿಗೆ ಇನ್ನೇನೂ ವಿವರಿಸಬೇಕಾಗಲಿಲ್ಲ.

ಆ ದಿನ ನಾನೊಂದು ತಪ್ಪು ಮಾಡಿದೆ. ನನ್ನದೇ ನಿಯಮ ಮುರಿದು ಬಾವಿ ಕಟ್ಟಿಸಿದ ಅರಸುಮನೆತನದ ಚರಿತ್ರೆಯನ್ನು ಆರು ಪುಟ ಬರೆದಿದ್ದೆ, ಅದನ್ನು ಓದತೊಡಗಿದಾಗ ಮೂವರ ಮುಖವೂ ಬಾಡಿತು. ಹಾಳೆಗಳನ್ನು ಮಡಚಿಟ್ಟು, ‘ಬಾವಿಯ ಬಾಯಿಗೆ ಕಾವಲುಗಾರ ಕೋಲು ಅಡ್ಡ ಹಿಡಿದಿದ್ದಾನೆ, ನೀವೇನು ಮಾಡುತ್ತೀರಿ?’ ಎಂದೆ. ಸಹೋದ್ಯೋಗಿ ಹೊಡೆದಾಡಲು ದಾಳ ಎತ್ತಿಕೊಂಡಿದ್ದರು. ಅಷ್ಟರಲ್ಲಿ, ಹರೆಯದಲ್ಲಿ ತಮ್ಮ ಊರಿನ ದೊಡ್ಡಾಟದಲ್ಲಿ ಪಾತ್ರ ಮಾಡಿದ್ದ ಮಾಸ್ತರರು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಎರಡೂ ಕೈ ಜೋಡಿಸಿ, ಬೇರೆಯದೇ ದನಿಯಲ್ಲಿ ಅಂದರು: ‘ಯಪ್ಪಾ, ನಾವು ಜಗಳಾ ಮಾಡಾಕ ಬಂದಿಲ್ಲ. ನಿನ್ನ ಮನ್ಯಾಗೂ ನೀರಿಲ್ಲಲ್ಲ, ನೀ ಯಾರ ಸಲವಾಗಿ ಕಾಯಾಕತ್ತಿ?’ ಈ ಪ್ರಶ್ನೆಗೆ ಉತ್ತರ ನನ್ನ ಆರು ಪುಟಗಳಲ್ಲಿರಲಿಲ್ಲ. ನಾನು ದಾಳ ಕೇಳಲಿಲ್ಲ. ಕಾವಲುಗಾರ ಕೋಲು ಕೆಳಗಿಟ್ಟ.

ಆಮೇಲೆ ತಿಂಗಳಿಗೆ ಎರಡು ಭಾನುವಾರ ಆಡುತ್ತಿದ್ದೇವೆ. ಒಬ್ಬರು ಬಾರದಿದ್ದರೂ ಆಟ ನಿಲ್ಲಿಸುವುದಿಲ್ಲ, ಅವರ ಪಾತ್ರ ಆ ದಿನ ಊರಿನಲ್ಲಿ ಉಳಿಯುತ್ತದೆ. ನೋಟ್‌ಬುಕ್ಕಿನಲ್ಲಿ ಈಗ ನಲವತ್ತು ಚಿಲ್ಲರೆ ಜಾಗಗಳಿವೆ. ಕಳೆದ ವಾರ ಅಕ್ಕನ ಮಗ, ‘ಮಾಮಾ, ದಂಬಳದ ಕೆರಿ ನನಗ ಬಿಡು’ ಎಂದು ನೋಟ್‌ಬುಕ್ ಒಯ್ದಿದ್ದಾನೆ. ಈ ಭಾನುವಾರ ಕಥೆ ನಡೆಸುವವನು ಅವನು, ನಾನು ಮೊದಲ ಸಲ ಪಾತ್ರ ಹಿಡಿದು ಮಾಸ್ತರರ ಪಕ್ಕದಲ್ಲಿ ಕೂರುತ್ತಿದ್ದೇನೆ.