ಡಿಎಂಇ ಪಲ್ಸ್ ಅಳೆಯುವಾಗ ನಾನು ಟೈಮ್‌ಬೇಸ್ ಇಟ್ಟುಕೊಳ್ಳುವ ಬಗೆ

ಪಲ್ಸಿನ ತುದಿಯ ಪವರ್ ಅಳೆಯುವ ಪೀಕ್ ಪವರ್ ಮೀಟರ್ ಕೈಗೆ ಬಂದ ಹೊಸಬರೆಲ್ಲ ಮೊದಲು ನೋಡುವುದು ವ್ಯಾಟ್ ಎಷ್ಟು ಅಂತ. ನಾನು ಮೊದಲು ಟೈಮ್ ಕಡೆ, ಅಂದರೆ ಪರದೆಯ ಅಡ್ಡಕ್ಕೆ ಎಷ್ಟು ಸಮಯ ಹಿಡಿಸಬೇಕು ಅನ್ನುವ ಟೈಮ್‌ಬೇಸ್ ಕಡೆ ನೋಡುತ್ತೇನೆ. ಅದು ಸರಿ ಕೂರದಿದ್ದರೆ ವ್ಯಾಟ್ ಓದಿ ಏನು ಪ್ರಯೋಜನ?

ನನ್ನ ಬೆಂಚಿಗೆ ಜಾಸ್ತಿ ಬರುವುದು ಡಿಎಂಇ (ಡಿಸ್ಟೆನ್ಸ್ ಮೆಶರಿಂಗ್ ಇಕ್ವಿಪ್‌ಮೆಂಟ್) ಟ್ರಾನ್ಸ್‌ಪಾಂಡರ್. ವಿಮಾನ ತಾನೆಷ್ಟು ದೂರದಲ್ಲಿದ್ದೇನೆ ಅಂತ ತಿಳಿಯಲು ನೆಲದ ಮೇಲಿನ ಈ ಪೆಟ್ಟಿಗೆಯನ್ನು ಕೇಳುತ್ತದೆ. ಇದರ ಪಲ್ಸುಗಳು ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿ ಬರುತ್ತವೆ. ಎಕ್ಸ್ ಮೋಡ್‌ನಲ್ಲಿ ಎರಡರ ನಡುವೆ 12 ಮೈಕ್ರೊಸೆಕೆಂಡ್. ಆಕಾರ ಚೌಕ ಅಲ್ಲ, ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಜೋಡಿಯಿಂದ ಜೋಡಿಗೆ ಇರುವ ಅಂತರವೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ಸರಾಸರಿ ಪವರ್ ಅಳೆದು ಡ್ಯೂಟಿ ಸೈಕಲ್‌ನಿಂದ (ಒಟ್ಟು ಸಮಯದಲ್ಲಿ ಪಲ್ಸ್ ಇರುವ ಪಾಲಿನಿಂದ) ಭಾಗಿಸುವ ಹಳೇ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪೀಕ್ 1 ಕಿಲೊವ್ಯಾಟ್, ಅಂದರೆ 1 ಮಿಲಿವ್ಯಾಟ್‌ಗೆ ಹೋಲಿಸುವ ಡೆಸಿಬೆಲ್ ಲೆಕ್ಕದಲ್ಲಿ 60 ಡಿಬಿಎಂ. ಕಪ್ಲರ್, ಅಟೆನ್ಯುಯೇಟರ್ ಸೇರಿ 50 ಡಿಬಿ ತಗ್ಗಿಸಿ, ಸೆನ್ಸರ್‌ಗೆ 10 ಡಿಬಿಎಂ ಕೊಡುತ್ತೇನೆ. ತಗ್ಗಿಸಿದ 50 ಡಿಬಿಯನ್ನು ಮೀಟರ್ ಮತ್ತೆ ಕೂಡಿಸಿ ತೋರಿಸುವಂತೆ ಆಫ್‌ಸೆಟ್ ಹಾಕಿದ ಮೇಲೆ ಟೈಮ್‌ಬೇಸನ್ನು ಡಿವಿಷನ್‌ಗೆ 2 ಮೈಕ್ರೊಸೆಕೆಂಡ್‌ಗೆ ಇಡುತ್ತೇನೆ. ಪರದೆಯ ಹತ್ತು ಡಿವಿಷನ್ (ಮನೆ) ಸೇರಿ ಪೂರ್ತಿ 20 ಮೈಕ್ರೊಸೆಕೆಂಡ್ ಆಯಿತು. ಟ್ರಿಗರ್ ಬಿಂದುವನ್ನು (ಪಲ್ಸ್ ಬಂತು ಅಂತ ಮೀಟರ್ ಗುರುತಿಸುವ ಜಾಗವನ್ನು) ಎಡಗಡೆಯಿಂದ ಎರಡನೇ ಗೆರೆಗೆ ತಂದರೆ ಎರಡೂ ಪಲ್ಸ್ ಆರಾಮಾಗಿ ಕೂರುತ್ತವೆ. ಟ್ರಿಗರ್ ಲೆವೆಲ್ ಪೀಕ್‌ಗಿಂತ 6 ಡಿಬಿ ಕೆಳಗೆ. ಅಲ್ಲಿ ಏರು ಕಡಿದಾಗಿರುತ್ತದೆ, ಟ್ರೇಸ್ ಅಲುಗಾಡುವುದಿಲ್ಲ. ತೀರಾ ಕೆಳಗಿಟ್ಟರೆ ನಾಯ್ಸ್‌ಗೇ ಟ್ರಿಗರ್ ಆಗಿ ಇಡೀ ಚಿತ್ರ ನಡುಗುತ್ತದೆ.

ತಾಪತ್ರಯ ಶುರುವಾಗುವುದು ಜೂಮ್ ಮಾಡಿದಾಗ. ರೈಸ್ ಟೈಮ್ (ಪಲ್ಸ್ ಏರಲು ಹಿಡಿಯುವ ಸಮಯ) ನೋಡೋಣ ಅಂತ ಡಿವಿಷನ್‌ಗೆ 500 ನ್ಯಾನೊಸೆಕೆಂಡ್‌ಗೆ ಇಳಿದರೆ ಪರದೆ 5 ಮೈಕ್ರೊಸೆಕೆಂಡ್‌ಗೆ ಮುಗಿಯುತ್ತದೆ. ಮೀಟರ್ ಬೇಗ ಮತ್ತೆ ಟ್ರಿಗರ್‌ಗೆ ಕಾದು ಕೂತು, ಎರಡನೇ ಪಲ್ಸನ್ನೂ ಹಿಡಿಯುತ್ತದೆ. ಎರಡರ ಎತ್ತರದಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ತುದಿಯಲ್ಲಿ ಎರಡು ಗೆರೆ ಕಾಣುತ್ತವೆ. ಆವರೇಜಿಂಗ್ ಹಾಕಿದ್ದರಂತೂ ಎರಡೂ ಬೆರೆತು ಒಂದೇ ಆಗಿಬಿಡುತ್ತವೆ, ಗೊತ್ತೇ ಆಗುವುದಿಲ್ಲ. ಇದಕ್ಕೆ ಹೋಲ್ಡ್‌ಆಫ್, ಅಂದರೆ ಮತ್ತೆ ಟ್ರಿಗರ್ ಆಗದಂತೆ ತಡೆಯುವ ಸಮಯ, 40 ಮೈಕ್ರೊಸೆಕೆಂಡ್ ಇಡುತ್ತೇನೆ. ಅಕಸ್ಮಾತ್ ಮೊದಲ ಸಲ ಎರಡನೇ ಪಲ್ಸಿಗೇ ಸಿಕ್ಕಿಕೊಂಡರೂ, 40 ಮುಗಿದ ಮೇಲೆ ಬರುವುದು ಮುಂದಿನ ಜೋಡಿಯ ಮೊದಲ ಪಲ್ಸೇ.

ಈಗ ಅಗಲದ ವಿಷಯ. ಜಾಸ್ತಿ ಜಗಳ ಆಗುವುದು ಇಲ್ಲಿಯೇ. ಎತ್ತರದ 50 ಶೇಕಡದಲ್ಲಿ ಅಳೆದ ಡಿಎಂಇ ಪಲ್ಸಿನ ಅಗಲ 3.5 ಮೈಕ್ರೊಸೆಕೆಂಡ್, ಅರ್ಧ ಮೈಕ್ರೊಸೆಕೆಂಡ್ ಹೆಚ್ಚು ಕಮ್ಮಿ ಇದ್ದರೂ ಸರಿ ಅನ್ನುತ್ತದೆ ನಿಯಮ. ಮೀಟರ್ 2.5 ತೋರಿಸುತ್ತದೆ! ಟ್ರಾನ್ಸ್‌ಮಿಟರ್ ಕೆಟ್ಟಿದೆ ಅಂತ ಬೋರ್ಡ್ ಬಿಚ್ಚಲು ಹೊರಡಬೇಡಿ. ನಿಯಮ ಹೇಳುವ 50 ಶೇಕಡ ವೋಲ್ಟೇಜಿನದು. ಮೀಟರ್ ಅಳೆಯುವುದು ಪವರ್. ವೋಲ್ಟೇಜಿನ ಅರ್ಧ ಅಂದರೆ ಪವರಿನ ಕಾಲು ಭಾಗ, 6 ಡಿಬಿ ಕೆಳಗೆ. ಮೀಟರ್ ಸುಮ್ನೆ ಪವರಿನ ಅರ್ಧದಲ್ಲಿ ಅಳೆದರೆ, ಗಾಸಿಯನ್ (ಗಂಟೆಯಂಥ) ಆಕಾರದ ಪಲ್ಸಿಗೆ 3.5 ಭಾಗಿಸು ರೂಟ್ 2, ಅಂದರೆ ಸುಮಾರು 2.5 ಬರಲೇಬೇಕು. ಕೆಲವು ಮೀಟರುಗಳಲ್ಲಿ ವೋಲ್ಟ್, ವ್ಯಾಟ್ ಅಂತ ಆಯ್ಕೆ ಇರುತ್ತದೆ. ಇಲ್ಲದಿದ್ದರೆ ರೆಫರೆನ್ಸ್ ಲೆವೆಲ್‌ಗಳನ್ನು ಕೈಯಾರೆ 1, 25, 81 ಶೇಕಡಕ್ಕೆ ಬದಲಿಸಿ; ವೋಲ್ಟೇಜಿನ 10, 50, 90 ಶೇಕಡ ಪವರಿನಲ್ಲಿ ಇಷ್ಟೇ. ರೈಸ್ ಟೈಮ್ ಕೂಡ ಆಗಲೇ ಸರಿ ಬರುತ್ತದೆ, ಅದು 3 ಮೈಕ್ರೊಸೆಕೆಂಡ್ ದಾಟಬಾರದು.

ಆ 1 ಶೇಕಡ ಇದೆಯಲ್ಲ, ಅದು ಪೀಕ್‌ಗಿಂತ 20 ಡಿಬಿ ಕೆಳಗೆ. ನಾಯ್ಸ್ ಇದ್ದರೆ ಆ ಬಿಂದು ಓಡಾಡುತ್ತದೆ. ಅದಕ್ಕೇ ವಿಡಿಯೊ ಬ್ಯಾಂಡ್‌ವಿಡ್ತನ್ನು (ಪಲ್ಸಿನ ಏರಿಳಿತವನ್ನು ಮೀಟರ್ ಹಿಂಬಾಲಿಸುವ ವೇಗವನ್ನು) 30 ಮೆಗಾಹರ್ಟ್ಸ್‌ನಿಂದ 5ಕ್ಕೆ ಇಳಿಸುತ್ತೇನೆ. ಆಗಲೂ ಮೀಟರಿನ ಸ್ವಂತ ರೈಸ್ ಟೈಮ್ ಸುಮಾರು 70 ನ್ಯಾನೊಸೆಕೆಂಡ್. ಇಷ್ಟು ನಿಧಾನದ ಪಲ್ಸಿಗೆ ಧಾರಾಳ ಸಾಕು. ಚೂಪಾದ ರಡಾರ್ ಪಲ್ಸಿಗೆ ಹೀಗೆ ಮಾಡಬೇಡಿ.

ಗೇಟಿನದೂ, ಅಂದರೆ ಸರಾಸರಿ ತೆಗೆಯಲು ಪಲ್ಸಿನ ಮೇಲೆ ಗುರುತು ಹಾಕುವ ಭಾಗದ್ದೂ, ಇದೇ ಕಥೆ. ಚೌಕ ಪಲ್ಸಿನ ಅಭ್ಯಾಸದಲ್ಲಿ ಗೇಟನ್ನು 3.5 ಮೈಕ್ರೊಸೆಕೆಂಡ್ ಪೂರ್ತಿ ಹರಡಿದರೆ, ಒಳಗಿನ ಸರಾಸರಿ ಪೀಕ್‌ಗಿಂತ ಸುಮಾರು 1.7 ಡಿಬಿ ಕಮ್ಮಿ. ಸಾವಿರ ವ್ಯಾಟ್ 680 ಆಗಿ ಕಾಣುತ್ತದೆ. ನಾನು ಗೇಟನ್ನು ಪೀಕ್‌ನ ಎರಡೂ ಕಡೆ ಕಾಲು ಕಾಲು ಮೈಕ್ರೊಸೆಕೆಂಡ್‌ಗೆ ಮಾತ್ರ ಇಟ್ಟು ಅದರ ಸರಾಸರಿ ಓದುತ್ತೇನೆ. ಪೀಕ್ ಹೋಲ್ಡ್ ಓದಿದರೆ ನಾಯ್ಸ್ ಸೇರಿ ಸಂಖ್ಯೆ ಮೇಲಕ್ಕೆ ಹೋಗುತ್ತದೆ, ಅದು ನನಗೆ ಇಷ್ಟವಿಲ್ಲ.

ಐಡೆಂಟ್ (ಟ್ರಾನ್ಸ್‌ಪಾಂಡರ್ ತನ್ನ ಗುರುತನ್ನು ಮೋರ್ಸ್‌ನಲ್ಲಿ ಹೇಳುವುದು) ಹೋಗುವಾಗ ಮಾತ್ರ ಸೆಟ್ಟಿಂಗ್ ಬದಲಿಸುತ್ತೇನೆ. ಆಗ ಸೆಕೆಂಡಿಗೆ 1350 ಜೋಡಿ ಒಂದೇ ಸಮ ಬರುತ್ತವೆ. ಬಹಳಷ್ಟು ಸೆಟ್‌ಗಳಲ್ಲಿ ಪ್ರತಿ ಜೋಡಿಯ ಹಿಂದೆ 100 ಮೈಕ್ರೊಸೆಕೆಂಡ್‌ಗೆ ಇನ್ನೊಂದು ಜೋಡಿ ಇರುತ್ತದೆ. ಡಿವಿಷನ್‌ಗೆ 20 ಮೈಕ್ರೊಸೆಕೆಂಡ್, ಹೋಲ್ಡ್‌ಆಫ್ 300 ಇಟ್ಟರೆ ನಾಲ್ಕೂ ಪಲ್ಸ್ ಒಟ್ಟಿಗೆ ನಿಲ್ಲುತ್ತವೆ. ಮೋರ್ಸ್ ಅಕ್ಷರ ಮುಗಿಯುವಷ್ಟರಲ್ಲಿ ಟ್ರೇಸ್ ಹೋಲ್ಡ್ ಒತ್ತಿಬಿಡಿ.